ಸಾರು ಸಪ್ಪೆಯಾದ ಆಷಾಢ

ನನ್ನ ನಿವೃತ್ತಿಯ ದಿನ ಆಸ್ಪತ್ರೆಯವರು ಶಾಲು ಹೊದಿಸಿ ಒಂದು ಗೋಡೆ ಗಡಿಯಾರ ಕೊಟ್ಟರು. ಹೊಸೂರಿನಲ್ಲಿ ಯಾರಿಗೆ ಏನೇ ಆದರೂ ಗಡಿಯಾರ ಕೊಡುತ್ತಾರೆ. ಮದುವೆಗೂ ಗಡಿಯಾರ, ಗೃಹಪ್ರವೇಶಕ್ಕೂ ಗಡಿಯಾರ. ನಮ್ಮ ಮನೆಯಲ್ಲಿ ಒಂದೊಂದು ಗೋಡೆ ಒಂದೊಂದು ಹೊತ್ತು ತೋರಿಸುತ್ತದೆ, ನನಗೆ ಬೇಕಾದ ಹೊತ್ತು ಇರುವ ಕೋಣೆಗೆ ಹೋಗಿ ಕೂರುತ್ತೇನೆ. ಸಮಾರಂಭ ಮುಗಿದ ಮೇಲೆ ಹೊಸದಾಗಿ ಸೇರಿದ ನರ್ಸ್ ಹುಡುಗಿಯರು ಸುತ್ತ ಕೂತು, "ಅಕ್ಕಾ, ಈ ಕ್ಯಾನ್ಸರ್ ತಪಾಸಣೆ ಕೆಲಸಕ್ಕೆ ಮೊದ್ಲು ಏನು ಕಲೀಬೇಕು?" ಅಂತ ಕೇಳಿದರು. ಯಾವುದೋ ದೊಡ್ಡ ಗುಟ್ಟು ಹೊರಬೀಳುತ್ತದೆ ಎಂದು ಒಬ್ಬಳು ಫೋನು ಹಿಡಿದು ರೆಕಾರ್ಡಿಂಗಿಗೂ ಹಾಕಿದ್ದಳು.

"ದಿನಾ ಚೆನ್ನಾಗಿ ಹಲ್ಲುಜ್ಜಿಕೊಂಡು ಬನ್ರಮ್ಮ" ಎಂದೆ.

ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ. ಅದು ಅವರಿಗೆ ಅರ್ಥವಾಗಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಸರೋಜಾ. ತಮಿಳುನಾಡಿನ ಗಡಿಯೂರಾದ ಹೊಸೂರಿನಲ್ಲಿ ಸರ್ಕಾರಿ ನರ್ಸು. ಆಲಸನತ್ತಂನಿಂದ ಹಿಡಿದು ಗಡಿಯ ಜೂಜುವಾಡಿಯವರೆಗೆ ಬೀದಿ ಬೀದಿ ಸುತ್ತಿ ಚಪ್ಪಲಿ ಸವೆಸಿದವಳು. ಮೊದಲೆಲ್ಲ ಬಸುರಿ ಬಾಣಂತಿಯರ ಕೆಲಸ, ಲಸಿಕೆಯ ಕೆಲಸ. ಕೊನೆಯ ವರ್ಷಗಳಲ್ಲಿ ನನಗೆ ಗಂಟುಬಿದ್ದದ್ದು ಬಾಯಿ ನೋಡುವ ಕೆಲಸ. ಬಾಯಿ ಕ್ಯಾನ್ಸರ್ ಮೊದಮೊದಲು ತನ್ನ ಹೆಸರು ಹೇಳುವುದಿಲ್ಲ. ಒಂದು ಬಿಳಿ ಮಚ್ಚೆಯೋ, ವಾರಗಟ್ಟಲೆ ಮಾಯದ ಹುಣ್ಣೋ ಆಗಿ ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ ಸುಮ್ಮನೆ ಕೂತಿರುತ್ತದೆ. ಆಗ ಕೈಗೆ ಸಿಕ್ಕಿದರೆ ಚಿಕ್ಕದರಲ್ಲೇ ಮುಗಿಸಬಹುದು. ಬಿಟ್ಟರೆ ಮನುಷ್ಯನನ್ನೇ ಮುಗಿಸುತ್ತದೆ. ಆದ್ದರಿಂದ ನಮ್ಮ ಕೆಲಸ ಬಹಳ ಸುಲಭದ್ದು: ಜನರ ಕೈಲಿ ಬಾಯಿ ತೆಗೆಸುವುದು.

ಸುಲಭ ಅಂತ ನಾನೂ ಅಂದುಕೊಂಡಿದ್ದೆ. ಬೆಳಗಿನಿಂದ ಬೈಗಿನವರೆಗೆ ಮುಚ್ಚದ ಬಾಯಿಗಳು ನಮ್ಮೂರಿನಲ್ಲಿ ಬೇಕಾದಷ್ಟಿವೆ. "ಸ್ವಲ್ಪ ಆ ಅನ್ನಿ" ಅಂದ ತಕ್ಷಣ ಅವೆಲ್ಲ ಬೀಗ ಹಾಕಿಕೊಂಡವು.

ಜೂಜುವಾಡಿಯ ಟೀ ಅಂಗಡಿಯಲ್ಲಿ ಒಬ್ಬ ಮುದುಕಪ್ಪ ನನಗೆ ದಾರಿ ತೋರಿಸಿದ. ಲಾರಿಗಳಿಗೆ ಹಗ್ಗ ಬಿಗಿಯುವ ಕೆಲಸದವನು. ನಾನು ಟಾರ್ಚ್ ಹಿಡಿದು ಕೇಳಿದ್ದಕ್ಕೆ, "ಮೊದ್ಲು ನಿನ್ನ ಬಾಯಿ ತೋರ್ಸಮ್ಮ. ನೀನು ನಂದು ನೋಡ್ಬೋದು, ನಾನು ನಿಂದು ನೋಡ್ಬಾರ್ದಾ? ಇದ್ಯಾವ ನ್ಯಾಯ?" ಎಂದ. ಟೀ ಕುಡಿಯುತ್ತಿದ್ದ ಡ್ರೈವರುಗಳೆಲ್ಲ "ನ್ಯಾಯ, ನ್ಯಾಯ" ಎಂದರು. ಬೇರೆ ದಾರಿ ಇಲ್ಲದೆ ತೆಗೆದೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ಹಾಗೆ ಬಗ್ಗಿ ನೋಡಿ, ಅಂಗಡಿಗೆಲ್ಲ ಕೇಳುವಂತೆ, "ಎಡಗಡೆ ಒಂದು ದವಡೆಹಲ್ಲು ಇಲ್ಲ. ಬಾಕಿ ಪರವಾಗಿಲ್ಲ" ಎಂದು ತೀರ್ಪು ಕೊಟ್ಟ. ಆಮೇಲೆ ತಾನೇ ದೊಡ್ಡದಾಗಿ ಬಾಯಿ ತೆರೆದ. ಅವನ ಹಿಂದೆ ಡ್ರೈವರುಗಳೂ ತೆರೆದರು.

ಅಂದಿನಿಂದ ನನ್ನ ಪದ್ಧತಿ ಅದೇ ಆಯಿತು. ಯಾರ ಮನೆಗೆ ಹೋದರೂ ಮೊದಲು ನಾನು ಆ ಅನ್ನುವುದು, ಆಮೇಲೆ ಅವರು. ಆಲಸನತ್ತಂನ ಅರ್ಧ ಜನ ನನ್ನ ಮುಖ ಮರೆತರೂ ದವಡೆ ಮರೆಯುವುದಿಲ್ಲ. ಆದರೆ ಒಂದು ಮಾತು: ಅವರೆಲ್ಲ ಒಂದು ಕಣ್ಣು ಹಾಯಿಸಿ ನಗುತ್ತಿದ್ದರು, ಅಷ್ಟೇ. ಇಷ್ಟು ವರ್ಷದಲ್ಲಿ ಒಬ್ಬರೂ ಟಾರ್ಚ್ ಹಾಕಿ ನನ್ನ ಬಾಯಿಯನ್ನು ನಿಜವಾಗಿ ನೋಡಿರಲಿಲ್ಲ. ಅದು ನನಗೂ ಹೊಳೆದಿರಲಿಲ್ಲ.

ಇನ್ನೊಂದು ಕಷ್ಟ, ತಾಂಬೂಲ. ಹೊಗೆಸೊಪ್ಪು ಬಿಡಿ ಅಂತ ಹೇಳಲು ಹೋದ ಮನೆಯಲ್ಲೇ ಎಲೆ ಅಡಿಕೆ ತಟ್ಟೆ ಮುಂದಿಡುತ್ತಾರೆ. ಬೇಡ ಅಂದರೆ ಮುತ್ತೈದೆ ಬರಿಗೈಯಲ್ಲಿ ಹೋದಳು ಅಂತ ಅವರಿಗೆ ಸಂಕಟ. ನಾನು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದೆ. ಆಸ್ಪತ್ರೆಯ ಹಿಂದೆ ಕಟ್ಟುತ್ತಿದ್ದ ಹಸು ಸಾಯಂಕಾಲ ನನ್ನ ಚಪ್ಪಲಿ ಸದ್ದು ಕೇಳಿದರೆ ಅಂಬಾ ಅನ್ನುತ್ತಿತ್ತು.

ಈಗ ನಮ್ಮ ದೊಡ್ಡ ಡಾಕ್ಟರ ಕಥೆ. ತಮಿಳುನಾಡಿನ ದಕ್ಷಿಣದ ಜಿಲ್ಲೆಯೊಂದರಿಂದ ಬಂದವರು, ಒಳ್ಳೆಯ ಮನುಷ್ಯ, ಕನ್ನಡ ಅರ್ಥವಾಗುತ್ತದೆ ಆದರೆ ಆಡುವುದು ತಮಿಳು. ಅವರಿಗೆ ಒಂದೇ ಹುಚ್ಚು: ಬ್ಯಾನರು. ಬಾಯಿ ಕ್ಯಾನ್ಸರ್ ಶಿಬಿರಕ್ಕೆ ಜನ ಬರುತ್ತಿಲ್ಲ ಅಂತ ಅವರೇ ಹೋಗಿ, ತಮ್ಮ ಫೋಟೋ ಕೊಟ್ಟು, ಒಂದು ದೊಡ್ಡ ಬ್ಯಾನರಿಗೆ ಹೇಳಿ ಬಂದರು. ಅಂಗಡಿಯವನಿಗೆ ಅವತ್ತು ಕೆಲಸ ಜಾಸ್ತಿ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಬೀದಿ ಮೂಲೆಯಲ್ಲಿ ಕಣ್ಣೀರಂಜಲಿ ಬ್ಯಾನರ್ ಕಟ್ಟುತ್ತಾರಲ್ಲ, ನಡುವೆ ಫೋಟೋ, ಎರಡೂ ಕಡೆ ದೀಪ, ಸುತ್ತ ಹೂವು. ಅವನು ಅದೇ ಅಚ್ಚಿನಲ್ಲಿ ಡಾಕ್ಟರನ್ನು ಕೂರಿಸಿಬಿಟ್ಟ. ಮೇಲೆ ದಪ್ಪ ಅಕ್ಷರದಲ್ಲಿ ಬಾಯಿ ಕ್ಯಾನ್ಸರ್. ಕೆಳಗೆ ಡಾಕ್ಟರ ನಗುಮುಖ, ದೀಪ, ಹೂವು. ಅದರ ಕೆಳಗೆ ದಿನಾಂಕ, ಸಮಯ, ಸ್ಥಳ.

ಶಿಬಿರದ ಬೆಳಿಗ್ಗೆ ಮೊದಲು ಬಂದವರು ಆಟೋ ಡ್ರೈವರುಗಳು. ಕೈಯಲ್ಲಿ ಗುಲಾಬಿ ಹಾರ. ಬಾಗಿಲಲ್ಲಿ ಡಾಕ್ಟರು ಇಡ್ಲಿ ತಿನ್ನುತ್ತ ಕೂತಿದ್ದರು. ಹಾರ ಹಿಡಿದವನು ಅವರನ್ನು ನೋಡಿದ, ಹೊರಗಿನ ಬ್ಯಾನರ್ ನೋಡಿದ, ಮತ್ತೆ ಅವರನ್ನು ನೋಡಿ ಹಿಂದಕ್ಕೆ ಸರಿದ. ಅವನ ಹಿಂದೆ ಕುಂಕುಮ ಅಳಿಸಿಹೋಗುವಷ್ಟು ಅತ್ತ ಇಬ್ಬರು ಹೆಂಗಸರು. ಅವರ ಹಿಂದೆ ತಮಟೆಯವರು. ಅವರಲ್ಲಿ ದೊಡ್ಡವನು ನನ್ನನ್ನು ಪಕ್ಕಕ್ಕೆ ಕರೆದು, "ನರ್ಸಮ್ಮ, ಎಷ್ಟೊತ್ಗೆ ಎತ್ತಾದು?" ಎಂದು ಮೆಲ್ಲಗೆ ಕೇಳಿದ.

"ಇನ್ನೂ ಇಡ್ಲಿ ತಿಂತಾವ್ರೆ, ಸ್ವಲ್ಪ ಇರಿ" ಎಂದೆ. ಬೇರೇನು ಹೇಳಲಿ?

ಡಾಕ್ಟರಿಗೆ ವಿಷಯ ತಿಳಿದಾಗ ನಾನು ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ಕೈ ತೊಳೆದುಕೊಂಡು ಬಂದು, ಹಾರ ತಾವೇ ಹಾಕಿಸಿಕೊಂಡು, "ಪರವಾಯಿಲ್ಲೈ. ನಾನು ಸತ್ತರೆ ಇಷ್ಟು ಜನ ಬರ್ತಾರೆ ಅಂತ ಗೊತ್ತಾಯ್ತಲ್ಲ. ಬಾಗಿಲು ಹಾಕಿ, ಒಬ್ಬರನ್ನೂ ಬಿಡಬೇಡಿ" ಎಂದು ತಮಿಳಿನಲ್ಲಿ ಹೇಳಿದರು. ಬದುಕಿರುವವರ ಸಾವಿಗೆ ಬಂದ ನಾಚಿಕೆಗೆ ಎಲ್ಲರೂ ತೆಪ್ಪಗೆ ಸಾಲಾಗಿ ನಿಂತು ಬಾಯಿ ತೆರೆದರು. ಆ ವರ್ಷದ ಅತಿ ದೊಡ್ಡ ಶಿಬಿರ ಅದೇ. ತಮಟೆಯವರಲ್ಲಿ ಒಬ್ಬನ ಕೆನ್ನೆಯಲ್ಲಿ ಬಿಳಿ ಮಚ್ಚೆ ಸಿಕ್ಕಿತು, ಔಷಧಿಯಾಯಿತು, ಹೊಗೆಸೊಪ್ಪು ಬಿಡಿಸಿದೆವು. ಅವನು ಈಗಲೂ ಡಾಕ್ಟರನ್ನು ಕಂಡರೆ, "ನಿಮ್ ಸಾವಿಂದ ನಾನು ಬದುಕ್ದೆ ಸಾಮಿ" ಅಂತ ಕೈ ಮುಗಿಯುತ್ತಾನೆ.

ಶಿಬಿರಕ್ಕೆ ಜನರನ್ನು ಕರೆಯುವುದಕ್ಕಿಂತ ಜನ ಇರುವಲ್ಲಿಗೆ ನಾವೇ ಹೋಗುವುದು ವಾಸಿ ಅಂತ ಆಮೇಲೆ ಗೊತ್ತಾಯಿತು. ಹೊಸೂರಿನಲ್ಲಿ ಜನ ಎಲ್ಲಿರುತ್ತಾರೆ? ಫ್ಯಾಕ್ಟರಿ ಬಸ್ಸಿನ ಸ್ಟಾಪಿನಲ್ಲಿ. ಬೆಳಗಿನ ಶಿಫ್ಟಿನ ಬಸ್ಸು ಬರುವ ಮೊದಲು ನಿದ್ದೆಗಣ್ಣಿನ ಹುಡುಗರು ಆಕಳಿಸುತ್ತ ನಿಂತಿರುತ್ತಾರೆ, ಆಕಳಿಸುವ ಬಾಯಿಗೆ ಟಾರ್ಚ್ ಹಾಕುವುದಷ್ಟೇ ನನ್ನ ಕೆಲಸ. ಒಮ್ಮೆ ಬಸ್ಸಿನ ಒಳಗೇ ಹತ್ತಿ ಹಿಂದಿನ ಸೀಟಿನವರ ಬಾಯಿ ನೋಡುತ್ತಿದ್ದೆ. ಬಸ್ಸು ಹೊರಟೇ ಹೋಯಿತು. ನಿಲ್ಲಿಸಿ ಅಂತ ಕೂಗಿದರೆ ಡ್ರೈವರ್, "ಲೇಟಾದ್ರೆ ನಂಗೆ ಬೈತಾರಮ್ಮ" ಎಂದು ಸೀದಾ ಫ್ಯಾಕ್ಟರಿ ಒಳಕ್ಕೆ ಒಯ್ದ. ಗೇಟಿನ ಸೆಕ್ಯುರಿಟಿಯವನು ಹೊರಗೆ ಬಿಡಲೊಲ್ಲ. "ನೀವು ಒಳಗೇ ಬಂದಿಲ್ಲ, ಹೊರಗೆ ಎಂಗೆ ಬಿಡಾದು?" ಅಂತ ಅವನ ವಾದ. ನಾನು ಎದುರಿಗೇ ನಿಂತಿದ್ದೆ, ಆದರೂ ಅವನ ರಿಜಿಸ್ಟರಿನ ಲೆಕ್ಕದಲ್ಲಿ ಒಳಗೆ ಇರಲಿಲ್ಲ. ಶಿಫ್ಟು ಮುಗಿಯುವವರೆಗೆ ಕ್ಯಾಂಟೀನಿನಲ್ಲಿ ಕೂತು, ಊಟಕ್ಕೆ ಬಂದವರ ಬಾಯಿಯನ್ನೆಲ್ಲ ನೋಡಿ ಮುಗಿಸಿದೆ. ಕೊನೆಗೆ ಸೆಕ್ಯುರಿಟಿಯವನದೂ ನೋಡಿದೆ. ಬಾಯಲ್ಲಿ ಗುಟ್ಕಾ ಇತ್ತು, ಅದಕ್ಕೇ ಆ ಒಂದು ಮಾತು ಬಿಟ್ಟು ಬೇರೆ ಆಡಿರಲಿಲ್ಲ.

ಇಷ್ಟೆಲ್ಲ ಹೇಳಿದ್ದು ಗೌರಕ್ಕನ ವಿಷಯಕ್ಕೆ ಬರಲಿಕ್ಕೆ.

ಗೌರಕ್ಕ ಆಲಸನತ್ತಂನಲ್ಲಿ ಮೆಸ್ ನಡೆಸುತ್ತಿದ್ದಳು, ಈಗಲೂ ನಡೆಸುತ್ತಾಳೆ. ಶೀಟಿನ ಮಾಡು, ನಾಲ್ಕು ಬೆಂಚು, ರಾಗಿ ಮುದ್ದೆ, ಹುರುಳಿಕಾಳಿನ ಸಾರು. ಮಂಡ್ಯ, ತುಮಕೂರು ಕಡೆಯಿಂದ ಬಂದು ಫ್ಯಾಕ್ಟರಿ ಸೇರಿದ ಹುಡುಗರಿಗೆಲ್ಲ ಅವಳೇ ಅನ್ನದಾತೆ. ಆ ಸಾರಿನ ಖಾರ ಊರಿಗೇ ಪ್ರಸಿದ್ಧ. ಮೊದಲ ಸಲ ಉಂಡವರು ಮೂಗು ಒರೆಸಿಕೊಳ್ಳುತ್ತ ಹೊರಗೆ ಓಡಿ ನೀರಿನ ತೊಟ್ಟಿಯ ಪಕ್ಕ ನಿಲ್ಲುತ್ತಿದ್ದರು, ಮಾರನೆಯ ದಿನ ತಪ್ಪದೆ ಮತ್ತೆ ಬರುತ್ತಿದ್ದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಗೌರಕ್ಕ ಊಟ ಬಲ್ಲವಳು, ಮಾತಿನ ಲೆಕ್ಕ ಬೇರೆ. ಅವಳ ಬೈಗುಳ ತಿನ್ನದೆ ಮುದ್ದೆ ತಿಂದವರಿಲ್ಲ. ಕೆನ್ನೆಯಲ್ಲಿ ಸದಾ ಒಂದು ಚೂರು ಹೊಗೆಸೊಪ್ಪು.

ಅವಳ ಅತ್ತೆ ಪಾಪಮ್ಮಜ್ಜಿ ಬಾಗಿಲ ಪಕ್ಕದ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹೊಗೆಸೊಪ್ಪು ಕುಟ್ಟುತ್ತಿರುತ್ತಿದ್ದಳು. ಕಣ್ಣು ಮಂಜು. ಮನೆಮಾತು ತಮಿಳು, ಸೊಸೆಯನ್ನು ಬೈಯಲಿಕ್ಕೆಂದೇ ಕನ್ನಡ ಕಲಿತವಳು. ಅತ್ತೆ ಸೊಸೆ ಒಂದು ವಿಷಯಕ್ಕೂ ಒಪ್ಪಿದ್ದನ್ನು ಬೀದಿಯವರು ಕಂಡಿಲ್ಲ. ಅಜ್ಜಿಯ ಬಾಯಿ ನಾನು ನೋಡಿದ್ದೆ, ಹಲ್ಲು ಒಂದೂ ಇಲ್ಲ, ಕಾಯಿಲೆಯೂ ಇಲ್ಲ. ಅದೇ ನನಗೆ ದೊಡ್ಡ ತಲೆನೋವು. ಹೊಗೆಸೊಪ್ಪು ಬಿಡಿ ಅಂದಾಗಲೆಲ್ಲ ಗೌರಕ್ಕ ಜಗಲಿಯ ಕಡೆ ಬೆರಳು ತೋರಿಸಿ, "ಆ ಮುದ್ಕೀಗೇ ಏನೂ ಆಗಿಲ್ಲ, ನಂಗೇನಾಯ್ತದೆ?" ಅನ್ನುವಳು. ಗಿರಾಕಿಗಳನ್ನೆಲ್ಲ ಗದರಿಸಿ ನನ್ನ ಮುಂದೆ ಬಾಯಿ ತೆಗೆಸುವಳು. ತನ್ನದು ಮಾತ್ರ ಇವತ್ತು ನಾಳೆ ಅಂತ ಮುಂದೂಡುವಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುವ ಪೈಕಿ.

ಒಂದು ದಿನ ಬಸ್ ಸ್ಟಾಪಿನಲ್ಲಿ ಮಂಡ್ಯದ ಹುಡುಗ ಶಿವಲಿಂಗು ಬಾಯಿ ತೋರಿಸಿ ಆದ ಮೇಲೆ, "ಸರೋಜಕ್ಕ, ನಮ್ ಕಷ್ಟ ಯಾರ್ಗೇಳಾದು? ಗೌರಕ್ಕನ ಸಾರು ಸಪ್ಪೆ ಆಗೋಗದೆ" ಎಂದ.

ಪಕ್ಕದವನು, "ಅತ್ತೆ ಜೊತೆ ಜಗಳ ಆಡಿ ಬೇಜಾರಾಗಿರ್ಬೇಕು ಕಣ್ಲಾ" ಅಂದ.

"ಜಗಳ ಆಡುದ್ರೆ ಖಾರ ಜಾಸ್ತಿ ಆಯ್ತದೆ, ಕಮ್ಮಿ ಆಗಾಕಿಲ್ಲ. ಮೆಣಸಿನಕಾಯಿ ರೇಟು ಏರೈತೆ, ಅದ್ಕೇಯಾ" ಎಂದ ಶಿವಲಿಂಗು.

ನಾನೂ ನಗುತ್ತ ಇನ್ನೊಬ್ಬನ ಬಾಯಿಗೆ ನಾಲಿಗೆ ಒತ್ತುವ ಕಡ್ಡಿ ಇಟ್ಟಿದ್ದೆ. ಇಟ್ಟ ಕೈ ಹಾಗೇ ನಿಂತಿತು. ಅಡುಗೆಯವಳು ಖಾರ ಹಾಕುವುದು ತನ್ನ ನಾಲಿಗೆಯ ಮಾತು ಕೇಳಿ. ಖಾರದ ಗೌರಕ್ಕನ ನಾಲಿಗೆಗೆ ಖಾರ ತಡೆಯುತ್ತಿಲ್ಲ ಅಂದರೆ ನಾಲಿಗೆಗೆ ಏನಾಗಿದೆ? ಬಾಯಲ್ಲಿ ಕಡ್ಡಿ ಇಟ್ಟುಕೊಂಡೇ ಆ ಹುಡುಗ "ಆ? ಆ?" ಅನ್ನುತ್ತಿದ್ದ. ನಾನು ಕಡ್ಡಿಯನ್ನು ಅವನ ಬಾಯಲ್ಲೇ ಬಿಟ್ಟು ಮೆಸ್ಸಿನ ಕಡೆ ನಡೆದೆ.

ಗೌರಕ್ಕ ಮುದ್ದೆ ತಿರುವುತ್ತಿದ್ದಳು. "ಅಕ್ಕ, ಸಾರಿಗೆ ಖಾರ ಯಾಕೆ ಕಮ್ಮಿ ಮಾಡಿದೀಯ?" ಎಂದೆ.

"ಹುಡುಗ್ರ ಹೊಟ್ಟೆ ಕೆಡ್ತದೆ ಅಂತ."

"ಇಷ್ಟು ವರ್ಷ ಕೆಡದ ಹೊಟ್ಟೆ ಈಗ ಕೆಡ್ತದಾ? ಬಾಯಿ ತೆಗಿ, ನೋಡ್ತೀನಿ."

ಅವಳು ಮುದ್ದೆಕೋಲು ಎತ್ತಿ ಹಿಡಿದು, "ಸರೋಜಾ, ಇದು ಆಷಾಢ. ಆಷಾಢದಾಗೆ ಯಾವ್ದೇ ಹೊಸ ಕೆಲ್ಸಕ್ಕೆ ನಾನು ಕೈ ಹಾಕಾಕಿಲ್ಲ. ಶ್ರಾವಣ ಬರ್ಲಿ, ನಾನೇ ಬತ್ತೀನಿ" ಎಂದಳು. ಮುದ್ದೆಕೋಲಿನ ಮುಂದೆ ವಾದ ನಡೆಯುವುದಿಲ್ಲ. ಆದರೂ ದಿನ ಬಿಟ್ಟು ದಿನ ಹೋದೆ. ದಿನ ಬಿಟ್ಟು ದಿನ ಆಷಾಢವೇ ಇತ್ತು.

ಭೀಮನ ಅಮಾವಾಸ್ಯೆ ಕಳೆದ ಮಾರನೆಯ ಬೆಳಿಗ್ಗೆ ಟಾರ್ಚಿಗೆ ಹೊಸ ಸೆಲ್ ಹಾಕಿಕೊಂಡು ಹೋದೆ.

"ಈಗ ಆಡಿ ಮಾಸ ನಡೀತಾ ಐತೆ" ಎಂದಳು ಗೌರಕ್ಕ.

"ನೀನು ಕನ್ನಡದೋಳಲ್ವೇನೇ ಅಕ್ಕ?"

"ತವರು ಕನ್ನಡ, ಗಂಡನ ಮನೆ ತಮಿಳು. ಆಷಾಢ ನಮ್ಮಪ್ಪನ ಮನೇದು, ಆಡಿ ನಮ್ಮತ್ತೆ ಮನೇದು. ಎರಡೂ ನಡುಸ್ಬೇಕಲ್ಲ?"

ಬೇರೆ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಕನ್ನಡದವರ ಆಷಾಢ ಚಂದ್ರನ ಲೆಕ್ಕ, ತಮಿಳರ ಆಡಿ ಸೂರ್ಯನ ಲೆಕ್ಕ. ಎರಡೂ ಶುಭಕಾರ್ಯಕ್ಕೆ ಆಗದ ತಿಂಗಳುಗಳೇ, ಆದರೆ ಒಟ್ಟಿಗೆ ಬಂದು ಒಟ್ಟಿಗೆ ಹೋಗುವುದಿಲ್ಲ. ಒಂದು ಮೊದಲು ಬರುತ್ತದೆ, ಇನ್ನೊಂದು ಆಮೇಲೆ ಹೋಗುತ್ತದೆ. ಎರಡೂ ಕಡೆ ನಂಟು ಇರುವ ಹೊಸೂರಿನವರಿಗೆ ಬೇಡದ ಕೆಲಸ ತಪ್ಪಿಸಿಕೊಳ್ಳಲು ಇಷ್ಟು ಅನುಕೂಲ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಕ್ಯಾನ್ಸರ್ ಮಾತ್ರ ಎರಡೂ ಪಂಚಾಂಗ ನೋಡದೆ ಬೆಳೆಯುತ್ತದೆ. ನನಗೆ ನಿಜವಾಗಿ ಭಯ ಶುರುವಾಗಿತ್ತು. ಅವಳು ಮಾತಾಡುವಾಗ ನಾಲಿಗೆಯನ್ನು ಒಂದು ಕಡೆಗೆ ಒತ್ತಿ ಹಿಡಿಯುವುದನ್ನು ನಾನು ಕಂಡಿದ್ದೆ. ಆಡಿ ಕಳೆದರೆ ಶ್ರಾವಣದ ವ್ರತ, ಆಮೇಲೆ ಗೌರಿ ಗಣೇಶ, ಆಮೇಲೆ ಪಿತೃಪಕ್ಷ. ಅಷ್ಟು ದಿನ ಅವಳಿಗಿದೆಯೋ ಇಲ್ಲವೋ ಯಾರಿಗೆ ಗೊತ್ತು?

ಡಾಕ್ಟರಿಗೆ ಹೇಳಿಕೊಂಡೆ. ಅವರು ಯೋಚಿಸಿ, "ಆಡಿಯಲ್ಲಿ ಶುರು ಮಾಡಿದ್ದು ಏಳಿಗೆ ಆಗಲ್ಲ ಅಂತಾರಲ್ಲ? ಈಗಲೇ ಕಂಡುಹಿಡಿದರೆ ಕಾಯಿಲೆ ಏಳಿಗೆ ಆಗಲ್ಲ ಅಂತ ಹೇಳು" ಎಂದರು. ಓದಿದವರ ತಲೆ ಅಂದರೆ ತಲೆ. ಓಡಿ ಹೋಗಿ ಗೌರಕ್ಕನಿಗೆ ಹಾಗೇ ಹೇಳಿದೆ.

ಅವಳು ಸೌಟು ಕೂಡ ಕೆಳಗಿಡದೆ, "ಆಡಿ ಪಟ್ಟಂ ತೇಡಿ ವಿದೈ" ಎಂದಳು. ಆಡಿಯ ಹದ ಹುಡುಕಿ ಬಿತ್ತು ಅಂತ ತಮಿಳು ಗಾದೆ. "ಆಡೀಲಿ ಬಿತ್ತಿದ್ದು ಹುಲುಸಾಗಿ ಬೆಳೀತದೆ ಸರೋಜಾ. ಹೋಗು, ನಿನ್ ಡಾಕ್ಟರ್ಗೆ ಹೇಳು" ಎಂದಳು. ಹೋಗಿ ಹೇಳಿದೆ. ಡಾಕ್ಟರು ಸ್ಟೆತಸ್ಕೋಪ್ ಎತ್ತಿಕೊಂಡು ಮುಂದಿನ ರೋಗಿಯನ್ನು ಕರೆದರು.

ಮಾರನೆಯ ಮಧ್ಯಾಹ್ನ ಮೆಸ್ಸಿನಲ್ಲಿ ಹುಡುಗರು ತಟ್ಟೆ ಮುಂದೆ ಕೂತಿದ್ದರು. ನಾನು ಮತ್ತೆ ಹೋಗಿ ಗೌರಕ್ಕನ ಎದುರು ನಿಂತೆ, ಅವಳು ಮತ್ತೆ ಆಡಿ ಎಂದಳು. ಜಗಲಿಯ ಕುಟ್ಟಾಣಿಯ ಸದ್ದು ನಿಂತಿತು.

"ಏ ಗೌರಿ, ಆ ಹುಣ್ಣು ಬಂದು ಎಷ್ಟು ದಿನ ಆಯ್ತೇ?" ಅಂತ ಪಾಪಮ್ಮಜ್ಜಿ ಕೇಳಿದಳು.

"ಯಾವ ಹುಣ್ಣು?" ಎಂದಳು ಗೌರಕ್ಕ.

"ನಂಗೆ ಕಣ್ಣು ಕಾಣಾಕಿಲ್ಲ, ನಾಲ್ಗೆ ಇನ್ನೂ ಸತ್ತಿಲ್ಲ. ಯುಗಾದಿ ಆದ್ಮೇಲಿಂದ ಸಾರು ಸಪ್ಪೆ. ಯುಗಾದಿಗೆ ಬಂದದ್ದು ತಾನೆ?"

ಗೌರಕ್ಕ ಒಲೆಯ ಕಡೆ ತಿರುಗಿ ಸಾರಿನಲ್ಲಿ ಸೌಟು ಆಡಿಸಿದಳು.

"ಹಂಗಾರೆ ಅದು ಇನ್ನೂ ಹೊಸ ಸೊಸೆ" ಎಂದಳು ಅಜ್ಜಿ. "ನೀನು ಬಂದ ವರ್ಷ ಆಡಿ ತಿಂಗ್ಳು ನಿನ್ನ ಈ ಮನೇಲಿ ಇಟ್ಕೊಂಡ್ನಾ? ಅತ್ಕೊಂಡು ತವರಿಗೆ ಹೋದೆಯೋ ಇಲ್ವೋ? ಆಡೀಲಿ ಹೊಸ ಸೊಸೆ ಅತ್ತೆ ಜೊತೆ ಒಂದೇ ಹೊಸ್ಲು ದಾಟ್ಬಾರ್ದು. ಈ ಮನೇಲಿ ಇನ್ನೂ ಅತ್ತೆ ನಾನೇ ಕಣೇ. ನಡಿ, ಕಳ್ಸು ಅದ್ನ!"

ಶಿವಲಿಂಗು ಬಾಯಿ ತುಂಬ ಮುದ್ದೆ ಇಟ್ಟುಕೊಂಡೇ, "ಎಲ್ಲಿಗಜ್ಜಿ, ತವರಿಗಾ?" ಎಂದ.

"ಆಸ್ಪತ್ರೆಗೆ ಕಣ್ಲಾ ಮುಂಡೇದೆ! ಆಡಿ ಮುಗುದ್ರೂ ವಾಪಸ್ ಕರೀಬ್ಯಾಡಿ!"

ಗೌರಕ್ಕ ಬೈಯಲೆಂದು ಉಸಿರೆಳೆದುಕೊಂಡಳು. ಬೈಗುಳ ಹೊರಡಲಿಲ್ಲ, ನಗು ಬಂತು. ಸೌಟು ಹಿಡಿದೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಲೆ ಹಿಂದಕ್ಕೆ ಹಾಕಿ, ಬಾಯಿ ಪೂರ್ತಿ ತೆರೆದು ನಕ್ಕಳು. ಇಷ್ಟು ದಿನ ಕಾದಿದ್ದ ನನ್ನ ಟಾರ್ಚು ತಾನಾಗಿಯೇ ಹೊತ್ತಿಕೊಂಡಿತೇನೋ.

ನಾಲಿಗೆಯ ಬಲ ಅಂಚಿನಲ್ಲಿ ಇತ್ತು. ಬಿಳಿ ಮಚ್ಚೆ, ಅದರ ನಡುವೆ ಕೆಂಪು ಹುಣ್ಣು, ಕೈಗವಸು ಹಾಕಿ ಮುಟ್ಟಿದರೆ ಅಂಚು ಗಟ್ಟಿ. ನನ್ನ ನಗು ನಿಂತಿತು. ನನ್ನ ಮುಖ ನೋಡಿ ಅವಳದೂ ನಿಂತಿತು.

"ಐತಾ?" ಎಂದಳು ಮೆಲ್ಲಗೆ.

"ಐತೆ ಅಕ್ಕ. ಇನ್ನೂ ಚಿಕ್ಕದು. ಈಗ್ಲೇ ಹೋಗಾನ."

ಮೊದಲಾಗಿದ್ದರೆ ಚೀಟಿ ಬರೆದು ಕಳಿಸಿ ವಾರಗಟ್ಟಲೆ ಕಾಯಬೇಕಿತ್ತು. ಈಗ ಫೋನಿನಲ್ಲಿ ಫೋಟೋ ತೆಗೆದು ಅಲ್ಲಿಂದಲೇ ಡಾಕ್ಟರಿಗೆ ಕಳಿಸಿದೆ. ಊಟಕ್ಕೆ ಕೂತಿದ್ದ ಡಾಕ್ಟರು ತಟ್ಟೆ ಬಿಟ್ಟೆದ್ದು, ನಾಳೆಯೇ ಕರೆದುಕೊಂಡು ಬಾ ಎಂದು ಫೋನಿನಲ್ಲಿ ಹೇಳಿದರು. ಹುಣ್ಣಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರೇ ಎಂದು ಬಂತು. ಆದರೆ ಕುತ್ತಿಗೆಗೆ ಇಳಿದಿಲ್ಲ, ಅಂಚಿನಲ್ಲೇ ಇದೆ ಎಂದು ಸ್ಕ್ಯಾನಿನಲ್ಲಿ ಬಂತು.

ಆಪರೇಷನ್ನಿಗೆ ದೊಡ್ಡ ಆಸ್ಪತ್ರೆಗೆ ಹೊರಟ ದಿನ ಪಾಪಮ್ಮಜ್ಜಿ ಪದ್ಧತಿ ಬಿಡಲಿಲ್ಲ. ಕಳಿಸುವುದಾದರೆ ಸರಿಯಾಗಿ ಕಳಿಸಬೇಕು ಅಂತ ಗೌರಕ್ಕನಿಗೆ ಕುಂಕುಮ ಇಟ್ಟು, ಮೊಳಗಟ್ಟಲೆ ಮಲ್ಲಿಗೆ ಮುಡಿಸಿ, ಬಾಳೆಹಣ್ಣು, ರವಿಕೆ ಕಣ ಕೈಗೆ ಕೊಟ್ಟಳು. ವಾರ್ಡಿನಲ್ಲಿ ಅವಳನ್ನು ಕಂಡ ನರ್ಸು, "ಮದುವೆ ಮನೆ ಪಕ್ಕದ ರಸ್ತೆ ಅಮ್ಮಾ" ಎಂದಳಂತೆ. ಇತ್ತ ಮೆಸ್ಸನ್ನು ಶಿವಲಿಂಗು ಮತ್ತು ಗೆಳೆಯರು ನಡೆಸಿದರು. ಲೇತ್ ಮೆಷಿನ್ನಿನಲ್ಲಿ ಕೂದಲೆಳೆಯ ಅಳತೆಗೆ ಕಬ್ಬಿಣ ಕಡೆಯುವ ಹುಡುಗರು ತಿರುವಿದ ಮುದ್ದೆಯಲ್ಲಿ ಗೋಲಿಯಷ್ಟು ಗಾತ್ರದ ಗಂಟು. ಅಜ್ಜಿ ಒಂದು ತುತ್ತು ನುಂಗಿ ಸೊಸೆಯ ಹೆಸರು ಹಿಡಿದು ಅತ್ತಳು. ಮುದ್ದೆಗೆ ಅತ್ತಳೋ ಸೊಸೆಗೆ ಅತ್ತಳೋ ಅಂತ ಯಾರೂ ಕೇಳಲಿಲ್ಲ.

ಗೌರಕ್ಕ ವಾಪಸ್ ಬಂದಳು. ನಾಲಿಗೆಯ ಅಂಚು ಒಂದಿಷ್ಟು ಹೋಗಿದೆ. ಕೆಲವು ಅಕ್ಷರ ಜಾರುತ್ತವೆ, ಬೈಗುಳಗಳು ಮಾತ್ರ ಸರಿಯಾಗಿ ಹೊರಡುತ್ತವೆ. ಹೊಗೆಸೊಪ್ಪು ಬಿಟ್ಟಳು, ಅತ್ತೆಯ ಕೈಲೂ ಬಿಡಿಸಿದಳು. ಅವಳು ಈಗ ಖಾರ ಬಾಯಿಗಿಡುವಂತಿಲ್ಲ. ಸಾರಿನ ರುಚಿ ನೋಡುವುದು ಪಾಪಮ್ಮಜ್ಜಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ, ಆ ಮನೆಯಲ್ಲಿ ಎರಡೂ ಒಟ್ಟಿಗೆ ಬಂದಿವೆ. "ಇನ್ನೊಂಚೂರು ಹಾಕೇ" ಎಂದು ಜಗಲಿಯಿಂದ ಕೂಗು, "ಹುಡುಗ್ರು ಸತ್ತೋಯ್ತಾವೆ ಬುಡತ್ತೆ" ಎಂದು ಒಳಗಿನಿಂದ ಕೂಗು.

ಹೊಸ ಹುಡುಗಿಯರೇ, ಆಮೇಲೆ ನಾನು ಯಾವ ಮನೆಗೆ ಹೋದರೂ ಬಾಯಲ್ಲಿ ಹುಣ್ಣು ಇದೆಯಾ ಅಂತ ಕೇಳುವುದನ್ನು ಬಿಟ್ಟೆ. ಯಾರೂ ಇದೆ ಅನ್ನುವುದಿಲ್ಲ. "ನಿಮ್ಮನೇಲಿ ಖಾರ ಯಾರು ಬಿಟ್ಟಿದ್ದಾರೆ?" ಅಂತ ಕೇಳಿ. ಅವರು ಮುಚ್ಚಿಟ್ಟದ್ದನ್ನು ಪಕ್ಕದ ತಟ್ಟೆಯವರು ಹೇಳುತ್ತಾರೆ. ಆಷಾಢ ಅಂತ ತಪ್ಪಿಸಿಕೊಂಡರೆ ಹೊಸ ಸೊಸೆಯ ನ್ಯಾಯ ಹೇಳಿ. ಆಲಸನತ್ತಂನಲ್ಲಿ ಈಗ ಬಾಯಿ ತೋರಿಸುವುದಕ್ಕೆ ಆಷಾಢ, ಆಡಿಯೇ ಪ್ರಶಸ್ತ ಕಾಲ. ನಮ್ಮ ಡಾಕ್ಟರು ಬ್ಯಾನರ್ ಕೂಡ ಹಾಕಿಸಿದ್ದಾರೆ, ದೀಪ ಇಲ್ಲದ್ದು.

ಗಡಿಯಾರ ಕೊಟ್ಟ ಮಾರನೆಯ ಮಧ್ಯಾಹ್ನ ಮಾಡಲು ಕೆಲಸವಿಲ್ಲದೆ ಮೆಸ್ಸಿಗೆ ಊಟಕ್ಕೆ ಹೋದೆ. ಬೆಂಚಿನಲ್ಲಿ ಕೂತೆ. ಗೌರಕ್ಕ ತಟ್ಟೆ ತರಲಿಲ್ಲ. ಮೊಳೆಗೆ ನೇತುಹಾಕಿದ್ದ ಟಾರ್ಚ್ ತಂದಳು. ಅವಳ ಮೆಸ್ಸಿನಲ್ಲಿ ಈಗ ಅದೇ ಕಾನೂನು, ಹೊಸದಾಗಿ ಬಂದ ಯಾವ ಹುಡುಗನಿಗೂ ಬಾಯಿ ತೋರಿಸದೆ ಮುದ್ದೆ ಇಲ್ಲ. ಏನಾದರೂ ಕಂಡರೆ ಆಸ್ಪತ್ರೆಗೆ ಅಟ್ಟುತ್ತಾಳೆ.

"ಬಾಯಿ ತೆಗಿ ಸರೋಜಾ."

"ನನ್ ಬಾಯಿ ಊರೆಲ್ಲಾ ನೋಡೈತೆ ಅಕ್ಕ."

"ನಗಾಡಕ್ಕೆ ನೋಡವ್ರೆ. ಟಾರ್ಚ್ ಹಾಕಿ ಯಾರ್ ನೋಡವ್ರೆ? ತೆಗಿ."

ತೆಗೆದೆ. ಅವಳು ಹತ್ತಿರ ಬಂದಳು. ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ, ನಾನೇ ಕಲಿಸಿದ ಕ್ರಮದಲ್ಲಿ ನಿಧಾನವಾಗಿ ನೋಡಿದಳು. ಎಡಗಡೆ ಹೋದ ಹಲ್ಲಿನ ಜಾಗದಲ್ಲಿ ಬೆಳಕು ನಿಂತಿತು. ಎಷ್ಟೋ ಸಾವಿರ ಜನಕ್ಕೆ "ಒಂದು ನಿಮಿಷ, ಭಯಪಡಬೇಡಿ" ಅಂದಿದ್ದೆನಲ್ಲ, ಆ ನಿಮಿಷ ಎಷ್ಟು ಉದ್ದ ಅಂತ ಬೆಂಚಿನ ಈ ಕಡೆ ಕೂತಾಗಲೇ ತಿಳಿದದ್ದು.

ಗೌರಕ್ಕ ಟಾರ್ಚ್ ಆರಿಸಿದಳು.

"ಕೊಬ್ರಿ ಚೂರು ಸಿಕ್ಕಾಕೊಂಡೈತೆ, ಬೇರೇನಿಲ್ಲ" ಎಂದು, ಮುದ್ದೆ ಇಕ್ಕಿ, ಅಜ್ಜಿಯ ಅಳತೆಯ ಖಾರದ ಸಾರು ಹುಯ್ದಳು. "ಉಣ್ಣು. ಬರೋ ಆಷಾಢಕ್ಕೆ ಮತ್ತೆ ಬಾ. ಆಡಿ ಅಂತ ಮುಂದೂಡ್ಬೇಡ."